ಡ್ರೈವರನ ಹಿಂದಿನ ಸೀಟು

“ಯಾವ ರೈಲಿನಾಗ ಡ್ರೈವರನ ಹತ್ರ ಕುಂದರಾಕ ಸಿಗತೈತಿ, ಆ ದಾರಿ ಬರಕೊಳ್ರಿ,” ಎಂದ ಚೌಡಪ್ಪ.

ಶಿರಸಿಯ ಟ್ರಾವೆಲ್ಸ್ ಆಫೀಸಿನ ಮೇಜಿನಾಚೆ ಕೂತಿದ್ದ ನಮಿತಾ ನಕ್ಕಳು. ಚೌಡಪ್ಪನ ಹಿಂದೆ ಗೋಡೆಗೆ ತಾಗಿಸಿ ಹಾಕಿದ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದ ಅವನ ಹೆಂಡತಿ ಅನ್ನಪೂರ್ಣವ್ವ ನಗಲಿಲ್ಲ. ನಮಿತಾ ಪ್ರತಿ ವರ್ಷ ಸುತ್ತಲಿನ ಊರುಗಳ ಮಂದಿಯನ್ನು ಯುರೋಪಿಗೆ ಕರೆದೊಯ್ಯುವವಳು. ರೈನ್ ನದಿಯ ಮೇಲೆ ಹಡಗಿನಲ್ಲಿ ತೇಲಾಡಿ ಮುಗಿದ ಮೇಲೆ ರೈಲಿನ ಸುತ್ತಾಟ. ಅದರಲ್ಲಿ ಆರಿಸಿಕೊಳ್ಳಲು ಎರಡು ದಾರಿ: ಒಂದು, ಸ್ವಿಟ್ಜರ್ಲೆಂಡಿನ ಗುಡ್ಡಗಳಲ್ಲಿ ತಿರುವು, ಸೇತುವೆ, ಸುರಂಗ ದಾಟುತ್ತ ನಿಧಾನಕ್ಕೆ ಹೋಗುವುದು. ಇನ್ನೊಂದು, ಸಪಾಟು ನೆಲದ ಮೇಲೆ ಬಿಟ್ಟ ಬಾಣದಂತೆ ಪ್ಯಾರಿಸ್ಸಿಗೆ ಓಡುವುದು. ಶುಂಠಿಗೆ ಒಳ್ಳೇ ರೇಟು ಬಂದ ಖುಷಿಯಲ್ಲಿ ದಾಸನಕೊಪ್ಪದ ಈ ಗಂಡ ಹೆಂಡತಿ ಹಡಗನ್ನು ಒಂದೇ ಮಾತಿಗೆ ಒಪ್ಪಿಬಿಟ್ಟಿದ್ದರು. ಬಂಡಿ ನಿಂತದ್ದು ರೈಲಿನ ಹತ್ತಿರ ಬಂದಾಗ.

“ಗುಡ್ಡದ ದಾರಿಯ ಒಂದು ರೈಲಿನಲ್ಲಿ ತೀರಾ ಮುಂದೆ, ಗಾಜಿನ ಹತ್ತಿರವೇ ಸೀಟುಗಳಿವೆ. ಡ್ರೈವರಿಗೆ ಕಾಣುವ ಹಾಗೇ ಹಳಿ ಕಾಣ್ತದೆ,” ಎಂದಳು ನಮಿತಾ. “ಆದರೆ ಸರ್, ಉಳಿದಿರೋದು ಒಂದೇ ಸೀಟು. ಅಮ್ಮ ಹಿಂದಿನ ಬೋಗಿಯಲ್ಲಿ ಕೂರಬೇಕಾಗ್ತದೆ.”

ಬದುಕಿಡೀ ಅರಬೈಲ್ ಘಾಟಿಯಲ್ಲಿ ಸರಕಾರಿ ಬಸ್ಸು ಹತ್ತಿಸಿ ಇಳಿಸಿ ನಿವೃತ್ತನಾದವನು ಚೌಡಪ್ಪ. ತಿರುವು ಅಂದರೆ ಅವನಿಗೆ ಈಗಲೂ ಪ್ರಾಣ. “ಆಕಿಗೇನ್ರಿ, ಹಿಂದ ಕುಂದರತಾಳ. ರೂಢಿ ಐತಿ,” ಎಂದುಬಿಟ್ಟ.

“ನಂಗ ಪ್ಯಾರಿಸ್ಸೇ ಬೇಕು,” ಎಂದಳು ಅನ್ನಪೂರ್ಣವ್ವ ಬೆಂಚಿನಿಂದಲೇ.

ಚೌಡಪ್ಪ ಕುರ್ಚಿಯಲ್ಲೇ ತಿರುಗಿದ. ಹೆಂಡತಿಯ ಬಾಯಲ್ಲಿ ಆ ಊರಿನ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು. “ಪ್ಯಾರಿಸ್ಸಿನಾಗ ಏನೈತಿ ನಿಂದು?”

“ಏನೈತೋ ನಂಗೇನ್ ಗೊತ್ತು? ಆ ರೈಲಿನಾಗ ಎರಡೆರಡು ಸೀಟು ಕೂಡಿ ಅದಾವಂತಲ್ಲ. ಅಷ್ಟು ಸಾಕು.”

“ನಿನ್ನನ್ನ ನಾ ಎಲ್ಲೂ ಕರಕೊಂಡು ಹೋಗಿಲ್ಲೇನು? ಅಂಕೋಲಾದ ಸಮುದ್ರ ತೋರಿಸಿದವ ಯಾರು?”

“ನೀವ ತೋರಿಸೀರಿ, ಇಲ್ಲ ಅನ್ನೂದಿಲ್ಲ. ಆದರ ಅಲ್ಲೀತನಕ ನಿಮ್ಮ ಬೆನ್ನು ನೋಡ್ಕೋತ ಹೋಗೇನಿ,” ಎಂದಳು ಅನ್ನಪೂರ್ಣವ್ವ. ಒಮ್ಮೆ ಕಟ್ಟೆ ಒಡೆದ ಮೇಲೆ ನೀರನ್ನು ತಡೆಯುವವರು ಯಾರು? “ಲಗ್ನದ ದಿಬ್ಬಣದ ಬಸ್ಸಿನ ಡ್ರೈವರ ಜ್ವರ ಬಂದು ಮಲಗಿದ. ಬಾಸಿಂಗ ಬಿಚ್ಚಿ ನೀವ ಸ್ಟೇರಿಂಗ ಹಿಡದ್ರಿ. ಹೊಸ ಮದಲಗಿತ್ತಿ ನಾನು, ಹಿಂದ ಹಾಸಿಗಿ ಗಂಟಿನ ಜೋಡಿ ಕುಂತು ಬಂದೆ. ಆವತ್ತಿಂದ ಹಂಗ ನಡದೈತಿ. ನಿಮ್ಮ ಖಾಕಿ ಅಂಗಿ ಹರದಿದ್ದು, ಕೂದಲ ಬೆಳ್ಳಗಾಗಿದ್ದು, ಎಲ್ಲ ಹಿಂದಿಂದ ನೋಡೇನಿ. ಈಗ ಡ್ಯೂಟಿ ಮುಗೀತಲ್ಲ ಅಂದ್ರ, ಬಸ್ ಹತ್ತಿದ ಕೂಡಲೇ ಡ್ರೈವರನ ಜೋಡಿ ಹರಟಿ ಹೊಡಿಯಾಕ ಬಾನೆಟ್ ಮ್ಯಾಲ ಹೋಗಿ ಕುಂದರತೀರಿ. ಪರದೇಶಕ್ಕ ಹೋದರೂ ಅದ ಏನು?”

ಹೇಳಿ ಮುಗಿಸಿದ ಮೇಲೆ ಆಕೆಗೆ ನಾಚಿಕೆಯಾಗಿ, ಚೀಲದೊಳಗೆ ಇಲ್ಲದ್ದನ್ನೇನೋ ಹುಡುಕತೊಡಗಿದಳು. ನಮಿತಾ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಕೂತಳು. ಎಂಥೆಂಥ ಇಳಿಜಾರಿನಲ್ಲೂ ಬೆವರದ ಚೌಡಪ್ಪ ಫ್ಯಾನಿನ ಕೆಳಗೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಎದ್ದು ಹೋಗಿ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತ.

“ಆ ಗಾಜಿನ ಸೀಟು ಬ್ಯಾಡ ತಂಗಿ. ಪ್ಯಾರಿಸ್ಸ ಬರಕೋ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಕೈತಪ್ಪಿದ ತಿರುವುಗಳ ಸಂಕಟ ಇತ್ತು. ಅದು ಹೆಂಡತಿಗಲ್ಲದೆ ಇನ್ಯಾರಿಗೆ ತಿಳಿಯಬೇಕು?

“ಗುಡ್ಡದ ರೈಲಿನಾಗ ಕೂಡಿದ ಸೀಟು ಒಂದೂ ಇಲ್ಲೇನವ್ವ?” ಎಂದು ಕೇಳಿದಳು ಅನ್ನಪೂರ್ಣವ್ವ.

“ಹಿಂದಿನ ಬೋಗಿಗಳ ತುಂಬ ಅವೇ ಅಮ್ಮ. ಕಿಟಕಿಯೂ ಇಷ್ಟು ದೊಡ್ಡದು!” ಎಂದು ನಮಿತಾ ಎರಡೂ ಕೈ ಅಗಲಿಸಿ ತೋರಿಸಿದಳು.

“ಹಂಗಾದ್ರ ಗುಡ್ಡಾನೇ ಬರಕೋ. ಇವರಿಗೆ ತಿರುವು ಇಲ್ಲದಿದ್ರ ಉಂಡದ್ದು ಕರಗೂದಿಲ್ಲ.”

ಚೌಡಪ್ಪ ಆಫೀಸು ಹಾರಿಹೋಗುವಂತೆ ನಕ್ಕ. ನಮಿತಾ ಚಹಾ ತರಿಸಿದಳು. ಅಷ್ಟು ಸಕ್ಕರೆಯ ಚಹಾವನ್ನು ಅನ್ನಪೂರ್ಣವ್ವ ಬೇರೆ ದಿನವಾಗಿದ್ದರೆ ಕುಡಿಯುತ್ತಿರಲಿಲ್ಲ. ಅಂದು ಪೂರ್ತಿ ಕುಡಿದಳು.

ಊರಿಗೆ ಮರಳುವ ಬಸ್ಸಿನ ಡ್ರೈವರ್ ಗಿರೀಶ, ಚೌಡಪ್ಪನ ಕೈಕೆಳಗೇ ಪಳಗಿದವನು. ಕಂಡವನೇ ಬಾನೆಟ್ ತಟ್ಟಿ, “ಬರ್ರಿ ಚೌಡಪ್ಪಣ್ಣ, ನಿಮ್ಮ ಜಾಗ ಹಂಗ ಐತಿ,” ಎಂದು ಕರೆದ.

“ಇವತ್ತ ಇಲ್ಲಪ್ಪ. ಜೋಡಿ ಮಂದಿ ಅದಾರ,” ಎಂದ ಚೌಡಪ್ಪ, ಡ್ರೈವರನ ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕಿಟಕಿಗೆ ಕೂರಿಸಿ ಪಕ್ಕದಲ್ಲಿ ಕೂತುಕೊಂಡ. ಅನ್ನಪೂರ್ಣವ್ವನಿಗೆ ಹಿಗ್ಗು ತಡೆಯಲಾಗಲಿಲ್ಲ. ಹೊರಗೆ ನೋಡುವುದು ಬಿಟ್ಟು ಗಂಡನ ಮುಖವನ್ನೇ ನೋಡುತ್ತ ಬಂದಳು. ಬಸ್ಸಿನಲ್ಲಿ ಅದು ಪಕ್ಕದಿಂದ ಹೇಗೆ ಕಾಣುತ್ತದೆ ಎಂಬುದು ಆಕೆಗೆ ಹೊಸತು.

ಊರ ಹೊರಗಿನ ತಿರುವಿನಲ್ಲಿ ಎದುರಿನಿಂದ ಲಾರಿ ಬಂತು. ಚೌಡಪ್ಪನ ಬಲಗಾಲು ತಂತಾನೇ ಬಸ್ಸಿನ ನೆಲವನ್ನು ಗಟ್ಟಿಯಾಗಿ ಒತ್ತಿತು. ಗಂಡನಿಗೆ ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅನ್ನಪೂರ್ಣವ್ವ, ಅಂದು ತನ್ನ ಕಾಲನ್ನೇ ಅವನ ಕಾಲ ಮೇಲಿಟ್ಟಳು.

“ಬ್ರೇಕ್ ಬಿಡ್ರೀ,” ಎಂದಳು, “ಇನ್ನ ನೀವೂ ರೂಢಿ ಮಾಡ್ಕೋರಿ.”