ಎಡಗಡೆಯ ಸೀಟು

ಕಾರಿನ ಹಿಂದಿನ ಎಡಗಡೆಯ ಸೀಟು ಮುಖ್ಯಮಂತ್ರಿಯದು. ಆ ರಾಜ್ಯದಲ್ಲಿ ಮೊದಲ ಮುಖ್ಯಮಂತ್ರಿಯ ಕಾಲದಿಂದಲೂ ಅದೇ ಪದ್ಧತಿ. ಎರಡನೆಯವರೂ ಐದನೆಯವರೂ ಸತ್ತದ್ದು ಆ ಸೀಟಿನಲ್ಲೇ. ಕೊಂದವರು ಒಳಗಿದ್ದವರ ಮುಖ ನೋಡಿರಲಿಲ್ಲ. ಪರದೆ ಎಳೆದ ಎಡಗಡೆಯ ಕಿಟಕಿಗೆ ಗುರಿಯಿಟ್ಟಿದ್ದರು, ಅಷ್ಟೆ.

ಎಂಟನೆಯ ಮುಖ್ಯಮಂತ್ರಿ ಆ ದಿನ ಕಾರು ಹತ್ತುವ ಮೊದಲು, ಕುಂಟುತ್ತ ಬರುತ್ತಿದ್ದ ಉಪಮುಖ್ಯಮಂತ್ರಿಯನ್ನು ಗಮನಿಸಿದರು.

“ಚನ್ನವೀರಣ್ಣ, ನೀವು ಈ ಕಡೆ ಕೂತ್ಕೊಳ್ಳಿ. ಕಾಲು ಚಾಚೋಕೆ ಜಾಗ ಇದೆ.”

“ಬೇಡಿ ಸಾರ್. ಅದು ನಿಮ್ಮ ಸೀಟು.”

“ಇವತ್ತಲ್ಲ ನಾಳೆ ನೀವೇ ತಾನೇ ಕೂರೋರು? ಈಗಿಂದ್ಲೇ ಅಭ್ಯಾಸ ಮಾಡ್ಕೊಳ್ಳಿ.”

ಸುತ್ತಲಿದ್ದವರೆಲ್ಲ ನಕ್ಕರು. ಚನ್ನವೀರಣ್ಣ ಕೂರಲೇಬೇಕಾಯಿತು. ಮುಖ್ಯಮಂತ್ರಿ ತಮ್ಮ ಶಾಲನ್ನು ಮಡಚಿ ಅವರ ಮಂಡಿಯ ಕೆಳಗಿಟ್ಟು, ತಾವು ಬಲಗಡೆ ಕೂತರು.

ಊರು ದಾಟುತ್ತಲೇ ಚನ್ನವೀರಣ್ಣ ಬೆವರತೊಡಗಿದರು.

“ಸಾರ್, ಸೇತುವೆ ದಾರಿ ಬೇಡ. ಸುತ್ತು ಹಾಕ್ಕೊಂಡು ಹೋಗೋಣ.”

“ಆ ದಾರೀಲಿ ಬರೀ ಗುಂಡಿ. ನಿಮ್ಮ ಮಂಡಿ ಗತಿ ಏನು?”

ಸೇತುವೆಯ ಮೇಲೆ ಮೊದಲ ಗುಂಡು ಡ್ರೈವರನ ಕುತ್ತಿಗೆಯನ್ನು ಸೀಳಿತು. ಕಾರು ತಡೆಗೋಡೆಗೆ ಬಡಿದು ನಿಂತಿತು. ಎರಡನೆಯದು ಎಡಗಡೆಯ ಗಾಜನ್ನು ಪುಡಿಮಾಡಿ ಚನ್ನವೀರಣ್ಣನವರ ಭುಜ ಹೊಕ್ಕಿತು. ಮುಖ್ಯಮಂತ್ರಿ ಚನ್ನವೀರಣ್ಣನವರ ಮೇಲೆ ಬಿದ್ದು ತಮ್ಮ ಮೈಯನ್ನೇ ಅಡ್ಡ ಕೊಟ್ಟರು. ಮೂರನೆಯ ಗುಂಡು ಮುಖ್ಯಮಂತ್ರಿಯ ಬೆನ್ನಿಗೆ ಬಿತ್ತು.

ನಡುಗುತ್ತಿದ್ದ ಆ ಮೈಯಡಿಯಿಂದ ಚನ್ನವೀರಣ್ಣ ಕೈ ಚಾಚಿ, ರಕ್ತ ಮೆತ್ತಿದ ಪರದೆಯನ್ನು ಕಿತ್ತೆಸೆದು ಹೊರಗೆ ಕೂಗಿದರು:

“ಕೆಂಚಾ, ನಿಲ್ಸೋ. ಈ ಕಡೆ ಕೂತಿರೋನು ನಾನು ಕಣೋ.”