ಒಂಬತ್ತನೇ ಕ್ರಾಸಿನ ದೋಣಿ

"ಕಾಲು ಜಾಗ್ರತೆ ಅಕ್ಕಾ," ಎಂದು ಕಾಡಪ್ಪ ಹೇಳುವಷ್ಟರಲ್ಲಿ ಮಂಜುಶ್ರೀ ಅಂಚು ಹಿಡಿದು ದೋಣಿಯ ನಡುವೆ ಕೂತಾಗಿತ್ತು. ನಿರಂಜನ್ ಹೆಂಡತಿಯ ಪಕ್ಕ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡ. ಬ್ಯಾಗ್ ಖಾಲಿ. ತುಂಬುವ ಗೋಜಿಗೆ ಇಬ್ಬರೂ ಹೋಗಿರಲಿಲ್ಲ.

ಎರಡನೇ ಮಹಡಿಯ ಕಿಟಕಿಯಲ್ಲಿ ಅವನ ತಾಯಿ ವೆಂಕಟಲಕ್ಷ್ಮಮ್ಮ. ಮೂಗಿಗೆ ಆಕ್ಸಿಜನ್ ನಳಿಕೆ. ಎರಡು ದಿನದಿಂದ ಕೊಡಿಗೇಹಳ್ಳಿಯ ಈ ಲೇಔಟಿಗೆ ಕರೆಂಟಿಲ್ಲ, ಮೆಷಿನ್ ನಿಂತಿದೆ. ಉಳಿದಿರುವುದು ಒಂದೇ ಸಿಲಿಂಡರ್. ಬೆಳಿಗ್ಗೆ ಅರ್ಧ ತೋರಿಸುತ್ತಿದ್ದ ಮುಳ್ಳು ಈಗ ಕೆಂಪು ಗೆರೆಗೆ ಇಳಿದಿದೆ.

"ಹೋಗ್ಬನ್ನಿ. ಬೇಗ ಬನ್ರಪ್ಪಾ," ಎಂದರು ಆಕೆ.

ಆಕೆಯನ್ನು ಕುರ್ಚಿ ಸಮೇತ ಇಳಿಸಲು ನಾಲ್ಕು ಜನ ಬೇಕು. ಆ ನಾಲ್ಕು ಜನ ಮುಖ್ಯರಸ್ತೆಯಲ್ಲಿ ಅಣ್ಣನ ಹಿಂದೆ ಕೈ ಕಟ್ಟಿ ನಿಂತಿದ್ದರು. ಅಣ್ಣ ಅಂದರೆ ಈ ಲೇಔಟ್ ಮಾಡಿ ಮಾರಿದವನು. ಈಗ ಎಲೆಕ್ಷನ್‌ಗೆ ನಿಲ್ಲುವವನು. ಇದ್ದ ಒಂದೇ ದೋಣಿಯೂ ಅವನದೇ. "ಮೊದ್ಲು ನೀವಿಬ್ರು ಈ ಕಡೆ ಬಂದ್ಬಿಡಿ, ಆಮೇಲೆ ಅಮ್ಮಂಗೆ ಜನಾನೂ ಕಳಿಸ್ತೀನಿ, ದೋಣೀನೂ ಕಳಿಸ್ತೀನಿ," ಎಂದು ಅವನ ಬಲಗೈ ಜಗನ್ ಮಾತು ಕೊಟ್ಟಿದ್ದ.

ದೋಣಿ ಒಂಬತ್ತನೇ ಕ್ರಾಸಿನಲ್ಲಿ ಸಾಗಿತು. ಎರಡೂ ಕಡೆ ಕಾರುಗಳ ನೆತ್ತಿ ಮಾತ್ರ. ಚರಂಡಿ ವಾಸನೆ.

"ಇದು ರಾಜಕಾಲುವೆ ಕಣಣ್ಣಾ," ಎಂದ ಕಾಡಪ್ಪ ನಿರಂಜನ್‌ಗೆ, ಹುಟ್ಟು ಹಾಕುತ್ತಾ. "ನಮ್ಮಪ್ಪ ಇಲ್ಲಿ ಏಡಿ ಹಿಡೀತಿದ್ದ. ಮಣ್ಣು ಸುರಿದು ಸೈಟ್ ಮಾಡಿದ್ರು. ನೀರಿಗೆ ಯಾರು ಹೇಳ್ಬೇಕು? ಹಳೇ ಅಡ್ರೆಸ್‌ಗೇ ಬಂದೈತೆ."

"ನಮ್ದು ಖಾತಾ ಎಲ್ಲಾ ಸರಿಯಾಗೇ ಇತ್ತು."

"ನೀರು ಓದಿಲ್ಲ ಬಿಡಿ, ನನ್ ಥರಾನೇ."

ನಿರಂಜನ್‌ಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟರೆ ದವಡೆ ಹೇಗಾಗುತ್ತದೋ, ಇಡೀ ಮೈ ಹಾಗಾಗಿತ್ತು.

ಮೂಲೆ ಮನೆಯ ಬಾಲ್ಕನಿಯಿಂದ ಅಕ್ಬರಿ ಬಗ್ಗಿದರು. "ಏನ್ರೀ ಮಂಜುಶ್ರೀ, ಅತ್ತೇನ ಬಿಟ್ಟು ಹೊರಟ್ರಲ್ರೀ? ಅವರನ್ನ ಯಾವಾಗ ಕರ್ಕೊಂಡ್ಹೋಗ್ತೀರಾ?"

"ಇದೊಂದು ಮುಗೀಲಿ ಅಕ್ಕಾ," ಎಂದಳು ಮಂಜುಶ್ರೀ, ತಲೆ ಎತ್ತದೆ.

ಮುಖ್ಯರಸ್ತೆ ಹತ್ತಿರವಾಯಿತು. ಜನ ಕಂಡದ್ದೇ ಮಂಜುಶ್ರೀಯ ಕಣ್ಣಲ್ಲಿ ನೀರು ಇಳಿಯತೊಡಗಿತು. ಮುಖ ಮಾತ್ರ ಅಲುಗಲಿಲ್ಲ. ನಿರಂಜನ್ ಅವಳ ಕೈ ಹಿಡಿದ. ಆ ಕೈ ಮಂಜಿನಂತಿತ್ತು.

ಅಣ್ಣ ಮೊಣಕಾಲುದ್ದ ನೀರಿಗಿಳಿದು ಬಂದ. "ಹೆದರ್ಬೇಡಮ್ಮಾ, ನಾನಿದ್ದೀನಿ," ಎಂದು ಅವಳ ಕೈ ಹಿಡಿದು ಇಳಿಸಿಕೊಂಡ. ಅವಳು ಎರಡೂ ಕೈ ಮುಗಿದಳು. ಜನ ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆ ಹೊಡೆದರು.

"ಅಣ್ಣಾ, ನಮ್ಮಮ್ಮ…" ನಿರಂಜನ್ ಮನೆ ಕಡೆ ಕೈ ತೋರಿಸಿದ. "ಸಿಲಿಂಡರ್ ಇನ್ನರ್ಧ ಗಂಟೆ ಬಂದ್ರೆ ಹೆಚ್ಚು."

ಅಣ್ಣ ಜಗನ್ ಕಡೆ ನೋಡಿದ. ಜಗನ್ ಫೋನ್ ನೋಡುತ್ತಿದ್ದ. ನೋಡಿ ಮುಗಿಸಿ, "ಹತ್ತಿ ಹತ್ತಿ, ಬೇಗ ದೋಣಿ ಹತ್ತಿ!" ಎಂದು ಕೂಗಿದ.

ನಿರಂಜನ್‌ಗೆ ಹೋದ ಜೀವ ಬಂದಂತಾಯಿತು. ಹಾರಿ ಕೂತ. ತಿರುಗಿ ನೋಡಿದರೆ ಆ ನಾಲ್ಕು ಜನ ನಿಂತಲ್ಲೇ ನಿಂತಿದ್ದರು.

"ಅವ್ರು ಬರಲ್ವಾ?"

"ಬರ್ತಾರೆ ಗುರು. ಆದ್ರೆ ವಿಡಿಯೋದಲ್ಲಿ ಈ ಸಲಾನೂ ಅಣ್ಣನ ಬೆನ್ನೇ ಬಂದೈತೆ. ನಿಮ್ಮನೆ ಗೇಟ್ ತಂಕ ವಾಪಸ್ ಹೋಗಿ, ಮೊದಲಿಂದ ಬನ್ನಿ. ಇದೇ ಲಾಸ್ಟು, ಅಮ್ಮನಾಣೆ."

ಬೆಳಿಗ್ಗೆಯಿಂದ ಮೂರು ಸಲ ರಕ್ಷಿಸಲ್ಪಟ್ಟಿದ್ದ ಮಂಜುಶ್ರೀ, ನಾಲ್ಕನೇ ಸಲದ ಅಳುವಿಗಾಗಿ ಮುಖ ಒರೆಸಿಕೊಂಡು ದೋಣಿ ಹತ್ತಿದಳು.