ಚಾವಡಿಯ ಕಂಬ

ಮೊನ್ನೆ ಅಪ್ಪನ ಚಟ್ಟ ಕಟ್ಟುವಾಗ ತೆಂಗಿನ ನಾರಿನ ಹಗ್ಗದ ವಾಸನೆಗೆ ಆ ಮಧ್ಯಾಹ್ನ ನೆನಪಾಯಿತು.

ನಾನಾಗ ಮೂರನೆಯ ತರಗತಿಯಲ್ಲಿದ್ದೆ. ನಮ್ಮೂರಿನ ಮಹಿಳಾ ಸಂಘದವರು ಕುಡಿದು ಬಂದವರನ್ನು ಚಾವಡಿಯ ಕಂಬಕ್ಕೆ ಕಟ್ಟಿ ಪೊಲೀಸರಿಗೆ ಒಪ್ಪಿಸುತ್ತಿದ್ದರು. ಅವ್ವನೂ ಸಂಘದಲ್ಲಿದ್ದಳು. ಅಂದು ಅಪ್ಪ ತೂರಾಡುತ್ತಾ ಬೀದಿಗೆ ಬಂದಾಗ ಹಗ್ಗವನ್ನು ಅವಳ ಕೈಗೇ ಕೊಟ್ಟರು.

"ಗಂಡ ಅಂತ ಸಡ್ಲ ಕಟ್ಬ್ಯಾಡ ಕಣಮ್ಮ," ಎಂದು ಪಕ್ಕದ ಮನೆಯವಳು ನಕ್ಕಳು.

ಅವ್ವ ಬಿಗಿಯಾಗಿಯೇ ಕಟ್ಟಿದಳು. ಒರಟು ನಾರು ಅಪ್ಪನ ಬೆವೆತ ತೋಳಿಗೆ ಒತ್ತಿತು. ಅಷ್ಟರಲ್ಲಿ ಅಜ್ಜಿ ಬಂದು ಮಗನ ಬಾಯಿ ಮೂಸಿ ನೋಡಿದಳು.

"ವಾಸ್ನೆನೇ ಇಲ್ವಲ್ಲೇ. ಇವ್ನು ಕುಡ್ದಿಲ್ಲ."

"ಮತ್ತೆ ಇಂಗ್ಯಾಕೆ ನಡುಗ್ತಾನೆ?" ಎಂದಳು ಅವ್ವ.

"ನೆನ್ನೆಯಿಂದ ಮುಟ್ಟಿಲ್ಲ," ಎಂದ ಅಪ್ಪ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ಬುಟ್ಟಿದ್ಕೇ ಇಂಗಾಗೈತೆ."

"ಠಾಣೆಗೆ ಆಗ್ಲೇ ಫೋನ್ ಮಾಡೀವಲ್ಲ," ಎಂದಳು ಪಕ್ಕದ ಮನೆಯವಳು, ಈಗ ಮೆಲ್ಲಗೆ.

"ಠಾಣೆಯೋರು ಏನ್ ಔಷ್ದಿ ಕೊಟ್ಟಾರೇ? ಮಧುಗಿರಿ ಆಸ್ಪತ್ರೆಗೆ ಕರ್ಕೊಂಡೋಗಾನ," ಎಂದಳು ಅಜ್ಜಿ.

ಅವ್ವ ಗಂಟು ಬಿಚ್ಚಲು ಕೈ ಹಾಕಿದಳು. ಅಪ್ಪ ಬೇಡವೆಂದು ತಲೆಯಾಡಿಸಿದ.

"ಆಸ್ಪತ್ರೆಗೋಗಕ್ಕೆ ಗಾಡಿ ಬರೋಗಂಟ ಕಟ್ಟಿರ್ಲಿ ಬುಡು. ಬಿಚ್ಚಿದ್ರೆ ಅಂಗ್ಡಿಗೇ ಹೋಗ್ಬುಡ್ತೀನಿ."